ಔಟ್‌ಲೆಟ್‌ನ ಆಚೆ ಏನಿದೆ ನೋಡಿ: ಟೇಲ್‌ವಾಟರ್ ಪಾಠ

ಡಿಟೆನ್ಷನ್ ಪಾಂಡ್ ಮಾಡೆಲ್ ಮಾಡುವಾಗ ನಮ್ಮ ಗಮನವೆಲ್ಲ ಒಳಗೆ ಎಷ್ಟು ನೀರು ಬರ್ತದೆ ಅನ್ನೋದರ ಮೇಲೇ ಇರುತ್ತದೆ. ಹೊರಗೆ ಹೋಗುವ ನೀರಿಗೆ ಜಾಗ ಇದೆಯಾ? ಔಟ್‌ಲೆಟ್‌ನ ಕೆಳಭಾಗದಲ್ಲಿ ಇರುವ ನೀರಿನ ಮಟ್ಟವೇ ಟೇಲ್‌ವಾಟರ್.

ಬೆಂಗಳೂರಿನ ಕೆರೆಗಳನ್ನೇ ನೋಡಿ. ಬೆಳ್ಳಂದೂರಿನ ನೀರು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಯ ಕಡೆಗೆ. ಇಂಥ ಸರಪಳಿಯಲ್ಲಿ ಕೆಳಗಿನ ಕೆರೆಯೋ ರಾಜಕಾಲುವೆಯೋ ಉಕ್ಕಿ, ನೀರಿನ ಮಟ್ಟ ಮೇಲಿನ ಕೆರೆಯ ಕೋಡಿಯನ್ನು ಮುಟ್ಟಿದರೆ, ಅದರ ಹೊರಹರಿವು ಕುಗ್ಗುತ್ತದೆ.

ಎಷ್ಟು ಕುಗ್ಗುತ್ತದೆ? ಲೆಕ್ಕ ಹಾಕೋಣ. ಆರಿಫಿಸ್‌ಗೆ ಸೂತ್ರ ಇದು:

ಹರಿವು = ಗುಣಾಂಕ × ವಿಸ್ತೀರ್ಣ × √(2 × 9.81 × ಹೆಡ್)

ವ್ಯಾಸ 0.6 ಮೀ., ಗುಣಾಂಕ 0.6, ಆರಿಫಿಸ್‌ನ ಮಧ್ಯದಿಂದ ಪಾಂಡ್ ನೀರು 2 ಮೀ. ಎತ್ತರ. ನೀರು ಬಯಲಿಗೆ ಬೀಳುತ್ತಿದ್ದರೆ ಹರಿವು ಸೆಕೆಂಡಿಗೆ ಸುಮಾರು 1.06 ಘನ ಮೀ. ಈಗ ಕಾಲುವೆ ನೀರು ಅದೇ ಮಧ್ಯದಿಂದ 1.5 ಮೀ. ಮೇಲೆ ಬಂತು ಅಂದುಕೊಳ್ಳಿ. ಆಗ ಹೆಡ್ ಅಂದರೆ ಎರಡು ಮಟ್ಟಗಳ ವ್ಯತ್ಯಾಸ, ಅಂದರೆ 0.5 ಮೀ. ಮಾತ್ರ. ಹರಿವು 0.53ಕ್ಕೆ ಇಳಿಯಿತು, ಸರಿಯಾಗಿ ಅರ್ಧ! ಉಳಿದ ನೀರು ಪಾಂಡ್‌ನಲ್ಲೇ ಏರುತ್ತದೆ. ಏರಿಯ ಮೇಲೆ ಹರಿದರೆ ಕೆಳಗಿರುವ ಮನೆಗಳ ಗತಿ ಏನು?

ಅಮೆರಿಕದ ಇಪಿಎ ಉಚಿತವಾಗಿ ಕೊಡುವ ಎಸ್‌ಡಬ್ಲ್ಯೂಎಂಎಂ ಬಳಸುವವರು ಮೂರು ಕಡೆ ಕಣ್ಣಿಡಿ.

1. ರೂಟಿಂಗ್: ಕೈನೆಮ್ಯಾಟಿಕ್ ವೇವ್ ವಿಧಾನ ಹಿಮ್ಮುಖ ಒತ್ತಡವನ್ನು ಲೆಕ್ಕಕ್ಕೆ ತಗೊಳ್ಳೋದಿಲ್ಲ. ಡೈನಮಿಕ್ ವೇವ್ ಆರಿಸಿ.

2. ಔಟ್‌ಫಾಲ್: ‘ಫ್ರೀ’ ಅಂತ ಬಿಟ್ಟರೆ ಕಾಲುವೆಯ ಪ್ರವಾಹ ಮಟ್ಟ ಮಾಡೆಲ್‌ಗೆ ಗೊತ್ತೇ ಆಗೋದಿಲ್ಲ. ಒಂದೇ ಮಟ್ಟ ಗೊತ್ತಿದ್ದರೆ ‘ಫಿಕ್ಸ್‌ಡ್’, ಗಂಟೆಗಂಟೆಗೂ ಬದಲಾಗುವ ಮಟ್ಟ ಸಿಕ್ಕರೆ ‘ಟೈಮ್ ಸೀರೀಸ್’ ಕೊಡಿ. ಪಾಂಡ್ ಮತ್ತು ಕಾಲುವೆ ಒಂದೇ ಹೊತ್ತಿಗೆ ತುಂಬಬೇಕೆಂದಿಲ್ಲ. ಹಾಗಾಗಿ ಗರಿಷ್ಠ ಮಟ್ಟವನ್ನೇ ಫಿಕ್ಸ್ ಮಾಡುವುದು ಸುರಕ್ಷಿತ ಲೆಕ್ಕ, ಆದರೆ ಪಾಂಡ್ ಬೇಕಿದ್ದಕ್ಕಿಂತ ದೊಡ್ಡದಾಗಬಹುದು.

3. ರೇಟಿಂಗ್ ಕರ್ವ್: ಔಟ್‌ಲೆಟ್ ಲಿಂಕ್‌ನಲ್ಲಿ ‘ಡೆಪ್ತ್’ ಆರಿಸಿದರೆ ಪಾಂಡ್‌ನ ಆಳ ಮಾತ್ರ ನೋಡುತ್ತದೆ. ‘ಹೆಡ್’ ಆರಿಸಿದರೆ ಎರಡೂ ಬದಿಯ ವ್ಯತ್ಯಾಸ ನೋಡುತ್ತದೆ.

ಕಾಲುವೆ ಮಟ್ಟ ಪಾಂಡ್‌ಗಿಂತ ಮೇಲೇರಿದರೆ ನೀರು ವಾಪಸ್ ನುಗ್ಗುತ್ತದೆ. ನಿಜವಾಗಿ ಫ್ಲ್ಯಾಪ್ ಗೇಟ್ ಇದ್ದರೆ ಮಾತ್ರ ಮಾಡೆಲ್‌ನಲ್ಲೂ ಹಾಕಿ.

ಈ ವಾರದ ಅಭ್ಯಾಸ: ನಿಮ್ಮ ಮಾಡೆಲನ್ನು ಒಮ್ಮೆ ಫ್ರೀ, ಒಮ್ಮೆ ಫಿಕ್ಸ್‌ಡ್ ಇಟ್ಟು ಓಡಿಸಿ. ಪಾಂಡ್‌ನ ಗರಿಷ್ಠ ಮಟ್ಟ ಎಷ್ಟು ಏರಿತು, ಏರಿಯ ತುದಿಗೆ ಇನ್ನೆಷ್ಟು ಉಳೀತು, ಬರೆದಿಡಿ.