ತೂಕದ ಮುಳ್ಳು ಏಕೆ ಅಲುಗುತ್ತಿಲ್ಲ?

ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಒಂದು ಹಿಡಿ ಅನ್ನ, ತಿಳಿಸಾರು. ರಾತ್ರಿ ಬರೀ ಮಜ್ಜಿಗೆ. ನಾಲ್ಕು ತಿಂಗಳು ಹೀಗೇ ಇದ್ದೀರಿ. ತೂಕ ಇಳಿಯುವುದು ನಿಂತಿದೆ, ಫ್ಯಾನ್ ಹಾಕಿದರೆ ಚಳಿ, ಬಾಚಣಿಗೆ ತುಂಬ ಕೂದಲು. ನಿಮ್ಮ ಮನಸ್ಸು ಗಟ್ಟಿಯಿಲ್ಲ ಅಂತಲ್ಲ. ದೇಹ ಖರ್ಚಿಗೆ ಕೈ ಬಿಗಿ ಹಿಡಿದಿದೆ.

1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಸಂಶೋಧಕ ಆನ್ಸೆಲ್ ಕೀಸ್ ಅವರು, ಒಪ್ಪಿ ಬಂದ 36 ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟರು. ತೂಕ ಕಾಲು ಭಾಗದಷ್ಟು ಇಳಿಯಿತು. ವಿಶ್ರಾಂತಿಯಲ್ಲಿ ದೇಹ ಸುಡುವ ಶಕ್ತಿ ಇಳಿದದ್ದು ಶೇ 40ರಷ್ಟು! ನಾಡಿ ನಿಧಾನವಾಯಿತು, ಸದಾ ಚಳಿ, ಊಟದ್ದೇ ಧ್ಯಾನ, ತಟ್ಟೆ ನೆಕ್ಕುತ್ತಿದ್ದರಂತೆ.

ಪ್ರೋಟೀನ್ ಕಡಿಮೆಯಾದರೆ ದೇಹ ಅದನ್ನೂ ಉಳಿಸಲು ನೋಡುತ್ತದೆ, ಪ್ರೋಟೀನ್ ಒಡೆದು ಮೂತ್ರದಲ್ಲಿ ಹೋಗುವ ಯೂರಿಯಾ ತಗ್ಗುತ್ತದೆ. ಆದರೆ ಸೋರಿಕೆ ಪೂರ್ತಿ ನಿಲ್ಲುವುದಿಲ್ಲ, ಕೊರತೆಯನ್ನು ಮಾಂಸಖಂಡವೇ ತುಂಬಬೇಕು. ಕೂದಲು ಎರಡು-ಮೂರು ತಿಂಗಳು ತಡವಾಗಿ ದೂರು ಹೇಳುತ್ತದೆ.

ನಿಮ್ಮ ತೂಕ 60 ಕಿಲೋ ಎಂದಿಟ್ಟುಕೊಂಡರೆ, ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ತಿಳಿಸಾರು ಅದರ ಲೆಕ್ಕಕ್ಕೇ ಬರದು (ಅಡಿಯ ಬೇಳೆ ಯಾರ ತಟ್ಟೆಗೆ ಹೋಗುತ್ತಿದೆ, ನೋಡಿ). ಗಟ್ಟಿ ಬೇಳೆ, ಹುರುಳಿ, ಮೊಸರು, ತಿನ್ನುವವರಾದರೆ ಮೊಟ್ಟೆ. ರಾತ್ರಿ ಊಟ ಮತ್ತೆ ಶುರು ಮಾಡಿ. ಚಳಿಗೆ, ಕೂದಲು ಉದುರುವುದಕ್ಕೆ ಬೇರೆ ಕಾರಣವೂ ಇದೆಯೇ ಎಂದು ತಿಳಿಯಲು ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಈ ವಾರವೇ ಆಗಲಿ.