ಹೊಳೆ ದಾಟಿ ಕೇಳುವ ಸ್ನೇಹ

ವಾಕ್ಯಭಾಗ: ಯೆಹೋಶುವ 22:9-34

ಕರ್ತನಲ್ಲಿ ಪ್ರಿಯ ಯೌವನಸ್ಥರೇ, ಶತ್ರುವಿನ ಮೇಲೆ ಸಂಶಯ ಬರೋದು ಸಹಜ. ಆದ್ರೆ ನಮ್ಮ ಪಕ್ಕದಲ್ಲೇ ನಿಂತು ಹೋರಾಡಿದವರ ಮೇಲೆ ಯಾಕೆ ಬರುತ್ತೆ?

ರೂಬೇನ್ಯರು, ಗಾದ್ಯರು, ಮನಸ್ಸೆಯ ಅರ್ಧಕುಲದವರು ಹೆಂಡತಿ ಮಕ್ಕಳನ್ನು ಯೊರ್ದನಿನ ಆಚೆ ಬಿಟ್ಟು ಬಂದು, ಉಳಿದ ಕುಲಗಳಿಗಾಗಿ ಯುದ್ಧ ಮಾಡಿದವರು. ಮನೆಗೆ ಹಿಂತಿರುಗುವಾಗ ಹೊಳೆಯ ಬಳಿ ದೊಡ್ಡ ಯಜ್ಞವೇದಿ ಕಟ್ಟಿದ್ರು. ಅಷ್ಟೇ! ಸುದ್ದಿ ಕೇಳಿದ ಉಳಿದವರು ಶೀಲೋವಿನಲ್ಲಿ ಯುದ್ಧಕ್ಕೆ ಕೂಡಿಬಂದ್ರು. ಯಾಕೆ? ಪೆಗೋರದಲ್ಲಿ ಆದ ಹಳೇ ಗಾಯ ಇನ್ನೂ ಮಾಸಿರಲಿಲ್ಲ.

ಆಚೆಯವರಿಗೂ ಭಯ ಇತ್ತು, ಗಮನಿಸಿ. ಮುಂದೊಂದು ದಿನ "ಹೊಳೆಯ ಆಚೆಯವರು ನಮ್ಮವರಲ್ಲ" ಅಂತ ತಮ್ಮ ಮಕ್ಕಳನ್ನು ದೂರ ಮಾಡಿಬಿಟ್ಟರೆ? ಅದಕ್ಕೇ ಆ ವೇದಿ. ಅದು ಬಲಿಗಲ್ಲ, ಸಾಕ್ಷಿಗೆ. ಎರಡೂ ಕಡೆ ಭಯ, ನಡುವೆ ಒಂದು ಹೊಳೆ.

ಯುದ್ಧ ತಪ್ಪಿದ್ದು ಹೇಗೆ? ಕತ್ತಿ ಎತ್ತುವ ಮೊದಲು ಫೀನೆಹಾಸನೂ ಹತ್ತು ಮಂದಿ ಪ್ರಧಾನರೂ ಹೊಳೆ ದಾಟಿ ಹೋಗಿ ಮುಖಾಮುಖಿ ಕೇಳಿದ್ರು. ಕಠಿಣವಾಗಿಯೇ ಕೇಳಿದ್ರು. ಆದ್ರೆ ಉತ್ತರವನ್ನೂ ಕೇಳಿಸಿಕೊಂಡ್ರು.

ಚರಿತ್ರೆಯಲ್ಲೂ ನೋಡಿ. ರೈನ್ ನದಿಯ ಎರಡು ದಡದ ಫ್ರಾನ್ಸ್ ಮತ್ತು ಜರ್ಮನಿ 1870, 1914, 1939ರಲ್ಲಿ ಮೂರು ಯುದ್ಧ ಕಂಡವು. 1963ರ ಜನವರಿಯಲ್ಲಿ ಡಿ ಗಾಲ್ ಮತ್ತು ಅಡೆನಾವರ್ ಸ್ನೇಹದ ಒಪ್ಪಂದಕ್ಕೆ ಸಹಿ ಹಾಕಿದ್ರು. ಸಹಿ ಹಾಕಿದ ತಕ್ಷಣ ಸಂಶಯ ಹೋಯ್ತಾ? ಇಲ್ಲ. 1989ರಲ್ಲಿ ಬರ್ಲಿನ್ ಗೋಡೆ ಬಿದ್ದು ಎರಡು ಜರ್ಮನಿ ಒಂದಾಗುವ ಮಾತು ಬಂದಾಗ, ಮಿತ್ರದೇಶ ಫ್ರಾನ್ಸಿನ ಅಧ್ಯಕ್ಷ ಮಿತ್ತರಾಂ ಅವರಿಗೇ ಆತಂಕವಾಯ್ತು. ಆದ್ರೂ ಸ್ನೇಹ ಮುರಿಯಲಿಲ್ಲ. ಆ ಹೊತ್ತಿಗೆ 26 ವರ್ಷಗಳಿಂದ ಎರಡೂ ಕಡೆಯ ಯುವಕ ಯುವತಿಯರು ಗಡಿ ದಾಟಿ ಹೋಗಿ, ಇದ್ದು, ಭಾಷೆ ಕಲಿತು ಬರ್ತಿದ್ರು. ಅದಕ್ಕಾಗಿಯೇ 1963ರಲ್ಲೇ ಒಂದು ಯುವಜನ ಕಚೇರಿ ಶುರುವಾಗಿತ್ತು. ನಾಯಕರು ಸಹಿ ಹಾಕಿದ್ರು, ಯೌವನಸ್ಥರು ಹೊಳೆ ದಾಟಿದ್ರು. ಇವತ್ತು ಸ್ಟ್ರಾಸ್‌ಬರ್ಗಿನಿಂದ ಕೆಹ್ಲ್‌ಗೆ ರೈನ್ ದಾಟಿ ಟ್ರಾಮ್ ಓಡುತ್ತೆ.

ಪ್ರಿಯರೇ, ಸಂಶಯ ಬಂದ ಮಾತ್ರಕ್ಕೆ ಸ್ನೇಹ ಸುಳ್ಳಾಗೋದಿಲ್ಲ. ಆ ಸಂಶಯ ಇಟ್ಟುಕೊಂಡು ನಾವು ಏನು ಮಾಡ್ತೀವಿ ಅನ್ನೋದೇ ಪ್ರಶ್ನೆ. ನಮ್ಮ ಸಭೆಯಲ್ಲೇ ಬೇರೆ ಭಾಷೆಯ ಸಹೋದರ ಇದ್ದಾನೆ, ಪಿ.ಜಿ.ಯಲ್ಲಿ ಬೇರೆ ರಾಜ್ಯದ ಸಹೋದರಿ ಇದ್ದಾಳೆ. ಅವರ ಬಗ್ಗೆ ವಾಟ್ಸಾಪ್ ಗ್ರೂಪಿನಲ್ಲಿ ತೀರ್ಪು ಕೊಡುವ ಮೊದಲು ಎದ್ದು ಹೋಗಿ ಕೇಳಿ. ಉತ್ತರ ಮುಗಿಯುವವರೆಗೆ ಕೂತು ಕೇಳಿಸಿಕೊಳ್ಳಿ.

ಈ ವಾರ ಒಬ್ಬರ ಹತ್ತಿರ ಹೋಗಿ. ಯಾರ ಹತ್ತಿರ ಅಂತ ಕರ್ತನೇ ತೋರಿಸಲಿ. ಪ್ರಾರ್ಥನೆ ಮಾಡೋಣ. ಆಮೆನ್.