ಐವತ್ತರ ಸುಸ್ತು ಇಪ್ಪತ್ತೈದಕ್ಕೇ ಶುರು

ತಮ್ಮಂದಿರಾ, ನಮ್ಮ ಹೊಸರಿತ್ತಿಯ ಕಟ್ಟೆಗಳ ಮೇಲೆ ಎಲ್ಲ ಮಾತೂ ನಡೆಯುತ್ತದೆ, ಇದೊಂದು ಮಾತ್ರ ನಡೆಯುವುದಿಲ್ಲ. ಹಿರಿಯರು ನಾಚಿಕೆಯಿಂದ ನುಂಗಿಕೊಳ್ಳುತ್ತಾರೆ, ನೀವು ಮೊಬೈಲಿನಲ್ಲಿ ಕದ್ದು ಹುಡುಕುತ್ತೀರಿ. ಇವತ್ತು ನಾನೇ ಹೇಳುತ್ತೇನೆ, ಕೂತು ಕೇಳಿ.

ಗಂಡಸಿನ ವೃಷಣಗಳಲ್ಲಿ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಹುಟ್ಟುತ್ತದೆ. ಮೀಸೆ ಚಿಗುರುವುದು, ದನಿ ಒಡೆಯುವುದು, ತೋಳು ತುಂಬುವುದು, ಮೂಳೆ ಗಟ್ಟಿಯಾಗುವುದು, ಮುಂದೆ ಮಕ್ಕಳಾಗುವುದು ಎಲ್ಲಕ್ಕೂ ಅದು ಬೇಕು. ಮೂವತ್ತು, ನಲವತ್ತು ದಾಟಿದ ಮೇಲೆ ಅದು ವರ್ಷಕ್ಕೆ ಸರಾಸರಿ ಶೇ 1ರಷ್ಟು ಇಳಿಯುತ್ತ ಹೋಗುತ್ತದೆ. ಹೆಂಗಸರಿಗೆ ಮುಟ್ಟು ನಿಂತಂತೆ ಇದು ಒಂದು ವಯಸ್ಸಿಗೆ ನಿಂತುಬಿಡುವುದಿಲ್ಲ. ನನಗೂ ಇಳಿದಿದೆ, ನಿಮ್ಮ ಅಪ್ಪಂದಿರಿಗೂ ಇಳಿದಿದೆ. ಅದು ವಯಸ್ಸಿನ ಧರ್ಮ, ಅದಕ್ಕೆ ನಾನು ಹೆದರುವುದಿಲ್ಲ. ನನಗೆ ಹೆದರಿಕೆ ಇರುವುದು ನಿಮ್ಮ ಇಪ್ಪತ್ತೈದರ ಹೊಟ್ಟೆ ನೋಡಿ.

ನಮ್ಮ ಹರೆಯದಲ್ಲಿ ವರದಾ ನದಿಯ ದಂಡೆಯ ಹೊಲಗಳಿಗೆ ನಸುಕಿನಲ್ಲೇ ಗಳೆ ಹೊರಡುತ್ತಿತ್ತು. ಹಳೆಯದೆಲ್ಲ ಬಂಗಾರ ಎಂದು ನಾನು ಹೇಳಲಾರೆ. ಬರಗಾಲದಲ್ಲಿ ಅರೆಹೊಟ್ಟೆ ದುಡಿದು ನಲವತ್ತಕ್ಕೇ ಮುದುಕರಾದವರನ್ನೂ ಕಂಡಿದ್ದೇನೆ. ಆದರೆ ಹೊತ್ತು ಮುಳುಗಿದ ಮೇಲೆ ನಿದ್ದೆ ಇತ್ತು, ಹಗಲೆಲ್ಲ ಕಾಲಿಗೆ ಕೆಲಸವಿತ್ತು. ನಮ್ಮ ಅಪ್ಪಂದಿರ ಕಾಲದವರಂತೂ ನಡೆದೇ ಬದುಕಿದವರು. ಮೋಟೆಬೆನ್ನೂರಿನ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹದೇವಪ್ಪ 1930ರಲ್ಲಿ ಗಾಂಧೀಜಿಯ ಹಿಂದೆ ದಾಂಡಿಗೆ ನಡೆದಾಗ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. 24 ದಿನ, ಸುಮಾರು 385 ಕಿಲೋಮೀಟರ್. 1943ರ ಏಪ್ರಿಲ್ 1ರಂದು ಇದೇ ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರ ಜೊತೆ ಅವರು ಗುಂಡಿಗೆ ಬಲಿಯಾದರು. ಅವರ ರಕ್ತ ಬಿದ್ದ ಊರಿನಲ್ಲಿ ಹುಟ್ಟಿದ ನೀವು ಬಸ್ ಸ್ಟ್ಯಾಂಡಿಗೆ ಹೋಗಲೂ ಬೈಕಿನ ಕೀಲಿ ಹುಡುಕುತ್ತೀರಿ.

ಹೊಟ್ಟೆಯ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ. ಅದರಲ್ಲಿರುವ ಒಂದು ಕಿಣ್ವ ನಿಮ್ಮ ಟೆಸ್ಟೋಸ್ಟೆರಾನನ್ನೇ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಾಗಿ ಬದಲಿಸುತ್ತದೆ. ಬೊಜ್ಜಿನ ಬೆನ್ನಿಗೆ ಸಕ್ಕರೆ ಕಾಯಿಲೆ ಬರುತ್ತದೆ. 2023ರಲ್ಲಿ ಹೊರಬಂದ ದೊಡ್ಡ ಅಧ್ಯಯನವೊಂದರ ಲೆಕ್ಕದಲ್ಲಿ ನಮ್ಮ ದೇಶದ ಮಧುಮೇಹಿಗಳು ಹತ್ತು ಕೋಟಿ ದಾಟಿದ್ದಾರೆ. ಆ ಕಾಯಿಲೆಯ ಗಂಡಸರಲ್ಲಿ ಮೂರು ನಾಲ್ಕು ಮಂದಿಗೆ ಒಬ್ಬರಂತೆ ಟೆಸ್ಟೋಸ್ಟೆರಾನ್ ಕಡಿಮೆ ಇರುತ್ತದೆ. ಸಮಾಧಾನದ ಮಾತೂ ಇದೆ: ತೂಕ ಇಳಿದರೆ ಅದು ಮತ್ತೆ ಏರುತ್ತದೆ. ನಿಮ್ಮ ವಯಸ್ಸಿನಲ್ಲಿ ಇದು ಇನ್ನೂ ಕೈಮೀರಿಲ್ಲ.

ನಿದ್ದೆಯ ಮಾತು ಇನ್ನೂ ಮುಖ್ಯ. ಈ ಹಾರ್ಮೋನು ಹೆಚ್ಚು ಹುಟ್ಟುವುದು ರಾತ್ರಿ ನಿದ್ದೆಯಲ್ಲಿ. 2011ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದವರು ಆರೋಗ್ಯವಂತ ಹುಡುಗರನ್ನು ಒಂದು ವಾರ ದಿನಕ್ಕೆ ಐದೇ ತಾಸು ಮಲಗಿಸಿ ನೋಡಿದರು. ಹಗಲಿನ ಟೆಸ್ಟೋಸ್ಟೆರಾನ್ ಶೇ 10ರಿಂದ 15ರಷ್ಟು ಕುಸಿದಿತ್ತು. ವಯಸ್ಸಿನಿಂದ ಅಷ್ಟು ಇಳಿಯಲು ಹತ್ತು ಹದಿನೈದು ವರ್ಷ ಬೇಕು. ರಾತ್ರಿ ಎರಡರ ತನಕ ರೀಲ್ಸ್ ನೋಡುವ ಮಗನೇ, ನೀನು ಕಳೆಯುತ್ತಿರುವುದು ಬರೀ ನಿದ್ದೆ ಎಂದುಕೊಳ್ಳಬೇಡ. ಫೋನನ್ನು ಪಡಸಾಲೆಯಲ್ಲಿಟ್ಟು ಮಲಗು. ನಿದ್ದೆಗೇಡಷ್ಟೇ ಅಲ್ಲ, ದಿನಾ ಹೆಂಡ ಕುಡಿಯುವುದೂ ಕೇಡೇ: ಅದು ವೃಷಣಗಳನ್ನೂ ಯಕೃತ್ತನ್ನೂ ಒಟ್ಟಿಗೇ ಕೆಡಿಸುತ್ತದೆ. ಬೀಡಿ, ಸಿಗರೇಟು ರಕ್ತನಾಳ ಕೆಡಿಸುತ್ತವೆ. ಇದನ್ನು ನೀವೂ ಬಲ್ಲಿರಿ.

ದೀಪಾವಳಿ ಮುಗಿದ ಮೇಲಿನ ಹೋರಿ ಹಬ್ಬಕ್ಕೆ ನೀವು ಹೋರಿ ಸಾಕುವುದನ್ನು ನೋಡಿದ್ದೇನೆ. ಹುರುಳಿ, ಹತ್ತಿಕಾಳು ಅಳೆದು ಹಾಕುತ್ತೀರಿ, ಕೆರೆಯಲ್ಲಿ ಈಜಿಸುತ್ತೀರಿ, ಅದಕ್ಕೆ ಸುಸ್ತಾಗಿದೆ ಎಂದರೆ ನಿಮಗೆ ಊಟ ಸೇರುವುದಿಲ್ಲ. ಅದರ ಅರ್ಧ ಕಾಳಜಿ ನಿಮ್ಮ ಮೈಗೂ ತೋರಿಸಿ.

ಮೈ ಬೆಳೆಸಲು ಹಾವೇರಿಗೋ ರಾಣೆಬೆನ್ನೂರಿಗೋ ಜಿಮ್ಮಿಗೆ ಹೋದರೆ ನನಗೆ ಸಂತೋಷವೇ. ಆದರೆ ಮೂರು ತಿಂಗಳಲ್ಲಿ ತೋಳು ಮಾಡಿಕೊಡುತ್ತೇನೆಂದು ಯಾರಾದರೂ ಸೂಜಿ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಹೊರಗಿನಿಂದ ಟೆಸ್ಟೋಸ್ಟೆರಾನ್ ಒಳಹೋದೊಡನೆ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಸಾಕಷ್ಟಿದೆ ಎಂದು ವೃಷಣಗಳಿಗೆ ಅಪ್ಪಣೆ ಕಳಿಸುವುದನ್ನೇ ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಸೊನ್ನೆಗೂ ಇಳಿಯಬಹುದು, ರಕ್ತ ದಪ್ಪಗಾಗುತ್ತದೆ. ಬಿಟ್ಟ ಮೇಲೆ ಸರಿಹೋಗಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷಗಳು. ಮದುವೆಯಾಗಿ ಮಕ್ಕಳಾಗದೆ ಹೆಂಡತಿಯನ್ನು ದೇವರ ಗುಡಿಗಳಿಗೆ ಅಲೆಸುವ ಪಾಪ ನಿಮಗೆ ಬೇಡ.

ಗೋಡೆಯ ಮೇಲೆ ಗುಪ್ತರೋಗ ಎಂದು ಬರೆಸಿ, ಲಾಡ್ಜಿನಲ್ಲಿ ಕೂತು ಪುಡಿ ಮಾರುವವರನ್ನೂ ನಂಬಬೇಡಿ. ಅಂಥ ಎಷ್ಟೋ ಪುಡಿಗಳಲ್ಲಿ ನಿಮಿರುವಿಕೆಗೆ ಕೊಡುವ ಇಂಗ್ಲಿಷ್ ಔಷಧಿಯನ್ನೇ ಗುಟ್ಟಾಗಿ ಬೆರೆಸಿರುತ್ತಾರೆ. ಎದೆನೋವಿಗೆ ನೈಟ್ರೇಟ್ ಗುಳಿಗೆ ತೆಗೆದುಕೊಳ್ಳುವ ಹಿರಿಯನ ರಕ್ತದೊತ್ತಡ ಅದರಿಂದ ಪಾತಾಳಕ್ಕಿಳಿದು ಪ್ರಾಣವೇ ಹೋದೀತು. ನಿಜವಾಗಿ ಈ ಹಾರ್ಮೋನಿನ ಕೊರತೆ, ಅದರ ಲಕ್ಷಣಗಳು ಎರಡೂ ಒಟ್ಟಿಗೆ ಇರುವವರು ಎಷ್ಟು ಮಂದಿ? ಯುರೋಪಿನ ಎಂಟು ಕಡೆ 40ರಿಂದ 79 ವಯಸ್ಸಿನ ಮೂರು ಸಾವಿರಕ್ಕೂ ಹೆಚ್ಚು ಗಂಡಸರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಶೇ 2ರಷ್ಟು ಮಾತ್ರ. ಉಳಿದವರ ಸುಸ್ತಿಗೆ ಸಕ್ಕರೆ, ಥೈರಾಯ್ಡ್, ಸಾಲದ ಚಿಂತೆ, ಕುಡಿತ, ಮನಸ್ಸಿನ ಬೇನೆ, ಹೀಗೆ ಬೇರೆ ಕಾರಣಗಳಿರಬಹುದು. ಅದನ್ನು ಹುಡುಕುವುದು ಡಾಕ್ಟರ ಕೆಲಸ. ಕೊರತೆ ಖಚಿತವಾದವರಿಗೆ ಮಾತ್ರ, ಡಾಕ್ಟರ ನಿಗಾದಲ್ಲಿ, ಚುಚ್ಚುಮದ್ದೋ ಜೆಲ್ಲೋ ಕೊಡುತ್ತಾರೆ.

ಇನ್ನು ನಿಮ್ಮ ಅಪ್ಪನ ವಿಚಾರ. ಐವತ್ತೈದರ ಮನುಷ್ಯ ಮಾತು ಕಡಿಮೆ ಮಾಡಿದ್ದಾರೆ, ತೋಳು ಸೊರಗಿದೆ, ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಒಯ್ಯುವ ಹುರುಪೂ ಇಲ್ಲ ಎಂದರೆ, ವಯಸ್ಸಾಯಿತು ಎಂದು ಬಿಟ್ಟುಬಿಡಬೇಡಿ. ಗಂಡಸಿಗೆ ನಿಮಿರುವಿಕೆ ತಗ್ಗುವುದು ಎಷ್ಟೋ ಸಲ ಹೃದಯದ ರಕ್ತನಾಳ ಕಟ್ಟಿಕೊಳ್ಳುತ್ತಿರುವುದರ ಮೊದಲ ಸೂಚನೆ, ಹೃದಯಾಘಾತಕ್ಕೆ ಎರಡು ಮೂರು ವರ್ಷ ಮೊದಲೇ ಕಾಣಿಸಬಹುದು. ಆದರೆ ಅದನ್ನು ಯಾವ ಅಪ್ಪನೂ ಮನೆಯಲ್ಲಿ ಹೇಳುವುದಿಲ್ಲ. ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಬೆಳಿಗ್ಗೆಯೇ ಕರೆದುಕೊಂಡು ಹೋಗಿ. ಈ ಹಾರ್ಮೋನು ಮುಂಜಾನೆ ಹೆಚ್ಚಿದ್ದು ಸಂಜೆಗೆ ಇಳಿಯುತ್ತದೆ, ಅದಕ್ಕೇ ಹತ್ತು ಗಂಟೆಯೊಳಗೆ ರಕ್ತ ಕೊಡಬೇಕು. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ನೋಡಿಸಬೇಕು. ಸಕ್ಕರೆ, ಬಿಪಿ, ಹೃದಯವನ್ನೂ ತೋರಿಸಿ. ಡಾಕ್ಟರ ಕೋಣೆಗೆ ಮಾತ್ರ ಅಪ್ಪನನ್ನು ಒಬ್ಬರನ್ನೇ ಕಳಿಸಿ, ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ. ಮಗನ ಎದುರಿಗೆ ಅವರು ಬಾಯಿ ಬಿಡುವುದಿಲ್ಲ.